ಪಕ್ಕದ ಮನೆಯ ಬಾ, ನಮ್ಮ ಮನೆಯ ಅಜ್ಜಿ

ಪಕ್ಕದ ಮನೆಯ ಅಜ್ಜಿ ತೀರಿಕೊಂಡು ಒಂದು ವರ್ಷವಾಯಿತು. ಹೋದ ತಿಂಗಳು ಅವರ ವರ್ಷದ ತಿಥಿಗೆ ಕರೆದಿದ್ದರು. ಹೋಗಿ ಉಂಡು ಬಂದೆ. ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ಬರೆಯದೆ ಇರಲು ಆಗುತ್ತಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಈ ಊರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ವಿಯೆಟ್ನಾಂ ಮೂಲದ ಜನ ಇದ್ದಾರೆ, ಅಮೆರಿಕದ ಬೇರೆ ಯಾವ ಊರಿನಲ್ಲೂ ಇಷ್ಟಿಲ್ಲ. ಸ್ಟೋರಿ ರೋಡ್ ಕಡೆ ಹೋದರೆ ಅಂಗಡಿ ಬೋರ್ಡುಗಳೆಲ್ಲ ಅವರ ಭಾಷೆಯಲ್ಲೇ ಇರುತ್ತವೆ. ನಮ್ಮ ಬೇಲಿಯ ಆಚೆ ಮನೆ ಅವರದ್ದು, ಹನ್ನೊಂದು ವರ್ಷದ ನೆರೆ. ಅಜ್ಜಿಯನ್ನು ನಾವೂ ಬಾ ಅಂತಲೇ ಕರೆಯುತ್ತಿದ್ದೆವು. ಅವರ ಮಾತಿನಲ್ಲಿ ಬಾ ಅಂದರೆ ಅಜ್ಜಿ. ಕನ್ನಡದಲ್ಲಿ ‘ಬಾ’ ಅಂದರೆ ಏನು ಅಂತ ಒಮ್ಮೆ ಮೊಮ್ಮಗಳ ಮೂಲಕ ಹೇಳಿಸಿದ್ದೆ. ಆಮೇಲೆ ನಾನು ಬೇಲಿ ಹತ್ತಿರ ನಿಂತು ‘ಬಾ’ ಅಂದಾಗಲೆಲ್ಲ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಿದ್ದರು.

ತಿಥಿಯ ದಿನ ಹಾಲ್‌ನಲ್ಲಿ ಗೋಡೆ ಪಕ್ಕದ ಎತ್ತರದ ಮೇಜಿನ ಮೇಲೆ ಬಾ ಫೋಟೋ, ಅದರ ಪಕ್ಕ ಅವರ ಗಂಡನ ಫೋಟೋ. ಮುಂದೆ ಅಗರಬತ್ತಿ, ಹೂವು, ಹಣ್ಣು, ಸಣ್ಣ ಬಟ್ಟಲಲ್ಲಿ ಅನ್ನ, ಊಟದ ಕಡ್ಡಿ. ಎಳನೀರಿನಲ್ಲಿ ಬೇಯಿಸಿದ ಹಂದಿ ಮಾಂಸ ಮತ್ತು ಮೊಟ್ಟೆ. ಕಾನ್ ಚುವಾ ಅನ್ನುವ ಹುಳಿ ಸಾರು. ಅದಕ್ಕೆ ಹುಣಸೆಹಣ್ಣು, ಅನಾನಸ್, ಟೊಮೆಟೊ, ಬೆಂಡೆಕಾಯಿ, ಕೆಸುವಿನ ಜಾತಿಯ ಒಂದು ದಂಟು ಹಾಕುತ್ತಾರೆ, ಜೊತೆಗೆ ಮೀನು. ಮಲೆನಾಡಿನವನಾದ ನನಗೆ ಆ ಸಾರಿನ ವಾಸನೆ ಬಂದರೆ ಸಾಕು, ಹಸಿವಾಗುತ್ತದೆ. ಒಂದು ಲೋಟ ಗಟ್ಟಿ ಹಾಲು ಹಾಕಿದ ಕಾಫಿ. ಇಷ್ಟು ಸರಿ. ಇವುಗಳ ಮಧ್ಯೆ ಅಂಗಡಿಯ ಒಂದು ಉಪ್ಪು ಬಿಸ್ಕತ್ತಿನ ಪೊಟ್ಟಣವೂ ಇತ್ತು. ಅದು ಯಾಕೆ ಅಂತ ಕೇಳಿದೆ. ಬಾ ಫ್ಯಾಕ್ಟರಿಗೆ ಹೋಗುತ್ತಿದ್ದ ಕಾಲದಲ್ಲಿ ಮಧ್ಯಾಹ್ನ ಅದನ್ನೇ ತಿನ್ನುತ್ತಿದ್ದರಂತೆ, ಉಳಿಸುವುದಕ್ಕೆ. ಆಮೇಲೆ ಉಳಿಸುವ ಅಗತ್ಯ ಇಲ್ಲದಾದಾಗಲೂ ಅದೇ ಇಷ್ಟವಾಗಿಬಿಟ್ಟಿತಂತೆ.

ಅಗರಬತ್ತಿ ಪೂರ್ತಿ ಉರಿಯುವವರೆಗೆ ಯಾರೂ ಊಟ ಮುಟ್ಟುವುದಿಲ್ಲ. ಅಷ್ಟು ಹೊತ್ತು ಹೋದವರು ಬಂದು ಉಣ್ಣುತ್ತಾರೆ ಅನ್ನುವ ನಂಬಿಕೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು, ಎಲ್ಲರೂ ಜಗುಲಿಯಲ್ಲಿ ಸುಮ್ನೆ ಕೂರುತ್ತೇವಲ್ಲ, ಅದೇ. ಚಿಕ್ಕವನಿದ್ದಾಗ ಆ ಬಾಗಿಲ ಸಂದಿಯಲ್ಲಿ ಇಣುಕಿ ಬೈಸಿಕೊಂಡಿದ್ದೇನೆ. ಇನ್ನೊಂದೂ ನಮ್ಮ ಹಾಗೆಯೇ ಇದೆ. ಈ ದಿನಕ್ಕೆ ಅವರು ‘ಯೋ’ ಅನ್ನುತ್ತಾರೆ, ಅದನ್ನು ಚಂದ್ರನ ಲೆಕ್ಕದಲ್ಲೇ ಹಿಡಿಯುತ್ತಾರೆ. ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ತಿಥಿ ಬದಲಾಗುವುದಿಲ್ಲ. ಮೊಮ್ಮಗಳು ನರ್ಸ್, ಡ್ಯೂಟಿ ಚಾರ್ಟ್ ಮೊದಲೇ ಬರುತ್ತದೆ, ಆದರೂ ಚಂದ್ರನ ಲೆಕ್ಕ ನೋಡಿ ರಜೆ ಬರೆದು ಕೊಡುತ್ತಾಳೆ.

ಎಡೆ ಆದ ಮೇಲೆ ಊಟ. ಊಟ ಮಾಡುತ್ತಾ ಒಬ್ಬೊಬ್ಬರೂ ಹೋದವರ ಬಗ್ಗೆ ಒಂದು ಸಂಗತಿ ಹೇಳಬೇಕು. ಇದು ಎಲ್ಲ ವಿಯೆಟ್ನಾಂ ಮನೆಗಳ ಪದ್ಧತಿ ಅಂತ ನಾನು ಹೇಳಲಾರೆ, ಈ ಮನೆಯ ರೂಢಿ. ಬಾ ಇದ್ದಾಗ ಅವರ ಗಂಡನ ತಿಥಿಗೆ ಪ್ರತಿ ವರ್ಷ ಕರೆಯುತ್ತಿದ್ದರು. ನಾನು ಈಗ ಹೇಳುವುದೆಲ್ಲ ಹಾಗೆ ಹತ್ತು ವರ್ಷದ ತಿಥಿ ಊಟಗಳಲ್ಲಿ ತುಣುಕು ತುಣುಕಾಗಿ ಕೇಳಿದ್ದು.

ಬಾ ಹುಟ್ಟಿದ್ದು 1941ರಲ್ಲಿ, ಮೆಕಾಂಗ್ ನದಿ ಸಮುದ್ರ ಸೇರುವ ಕಡೆಯ ಬೆನ್ ಟ್ರೆ ಸೀಮೆಯಲ್ಲಿ. ಎಲ್ಲಿ ನೋಡಿದರೂ ತೆಂಗು, ಎಲ್ಲಿ ನೋಡಿದರೂ ನೀರು. ಮನೆಗೆ ಹಿರಿ ಮಗಳು. ಹಾಗಾಗಿ ಅವರ ಹೆಸರು ‘ಹಾಯ್’. ಹಾಯ್ ಅಂದರೆ ಎರಡು! ದಕ್ಷಿಣ ವಿಯೆಟ್ನಾಮಿನಲ್ಲಿ ಮಕ್ಕಳನ್ನು ಹುಟ್ಟಿದ ಸಂಖ್ಯೆಯಿಂದ ಕರೆಯುತ್ತಾರೆ, ಆದರೆ ಎಣಿಕೆ ಶುರುವಾಗುವುದು ಎರಡರಿಂದ. ಮೊದಲನೆಯ ಮಗು ಎರಡು, ಎರಡನೆಯದು ಮೂರು. ಯಾಕೆ ಅನ್ನುವುದಕ್ಕೆ ಹಲವು ಕಥೆಗಳಿವೆ. ಮೊದಲ ಮಗುವನ್ನು ಒಂದು ಅಂತ ಕರೆದರೆ ದೆವ್ವದ ಕಣ್ಣು ಬೀಳುತ್ತದೆ ಅನ್ನುವುದು ಅದರಲ್ಲೊಂದು. ನಮ್ಮಲ್ಲಿ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಮಗುವಿಗೆ ತಿಪ್ಪ, ತಿಪ್ಪಕ್ಕ ಅಂತ ಹೆಸರಿಡುತ್ತಿದ್ದರಲ್ಲ, ಸಾವು ಇದನ್ನು ಕಸ ಅಂತ ಬಿಟ್ಟು ಹೋಗಲಿ ಅಂತ. ತಾಯಂದಿರ ಭಯ ಎಲ್ಲ ಕಡೆ ಒಂದೇ ಥರ ಯೋಚಿಸುತ್ತದೆ ಅನಿಸುತ್ತದೆ.

ಆಗ ವಿಯೆಟ್ನಾಂ ಉತ್ತರ, ದಕ್ಷಿಣ ಅಂತ ಎರಡಾಗಿ ಯುದ್ಧದಲ್ಲಿತ್ತು. ಬಾ ಮದುವೆಯಾಗಿ ದಕ್ಷಿಣದ ರಾಜಧಾನಿ ಸೈಗಾನ್‌ಗೆ ಬಂದರು. ಗಂಡ ದಕ್ಷಿಣದ ಸೇನೆಯಲ್ಲಿ ಕ್ಯಾಪ್ಟನ್. ಮೂರು ಮಕ್ಕಳು. 1975ರ ಏಪ್ರಿಲ್ 30ಕ್ಕೆ ಸೈಗಾನ್ ಉತ್ತರದವರ ಕೈಗೆ ಹೋಯಿತು. ಇವತ್ತಿಗೂ ಆ ದಿನ ವಿಯೆಟ್ನಾಮಿನಲ್ಲಿ ದೇಶ ಒಂದಾದ ಹಬ್ಬ, ಸ್ಯಾನ್ ಹೋಸೆಯ ಈ ಮನೆಗಳಲ್ಲಿ ‘ಕಪ್ಪು ಏಪ್ರಿಲ್’. ಜೂನ್‌ನಲ್ಲಿ ಸೇನೆಯ ಅಧಿಕಾರಿಗಳೆಲ್ಲ ಬಂದು ಹಾಜರಾಗಬೇಕು, ಒಂದು ತಿಂಗಳಿಗಾಗುವಷ್ಟು ಊಟದ ವ್ಯವಸ್ಥೆ ತರಬೇಕು ಅಂತ ಹೊಸ ಸರ್ಕಾರ ಹೇಳಿತು. ಒಂದೇ ತಿಂಗಳಲ್ವಾ ಅಂತ ಬಾ ಒಣಮೀನು, ಅಕ್ಕಿ ಕಟ್ಟಿ ಕಳಿಸಿದರು. ಗಂಡನನ್ನು ‘ಮರುಶಿಕ್ಷಣ’ ಅನ್ನುವ ಹೆಸರಿನ ಸೆರೆ ಶಿಬಿರಕ್ಕೆ ಹಾಕಿದರು, ಹೊರಗೆ ಬಂದದ್ದು ಎಂಟು ವರ್ಷದ ನಂತರ. ಅದೇ 1975ರ ಸೆಪ್ಟೆಂಬರ್‌ನಲ್ಲಿ ದುಡ್ಡು ಬದಲಾಯಿತು. ಹಳೆಯ 500 ಡಾಂಗ್ ಕೊಟ್ಟರೆ ಹೊಸದು ಒಂದು. ಕೂಡಿಟ್ಟದ್ದು ಹಾಗೇ ಕರಗಿತು. ಬಾ ಬೀದಿ ಬದಿಯಲ್ಲಿ ಹಳೆ ಬಟ್ಟೆ, ಪಾತ್ರೆ, ಗಡಿಯಾರ ಮಾರಿದರು. ಮೊದಲು ಬೇರೆಯವರದ್ದು, ಆಮೇಲೆ ತಮ್ಮದೇ. ಕೊನೆಗೆ ಹೊಲಿಗೆ ಯಂತ್ರ. ಅಧಿಕಾರಿಯ ಮಕ್ಕಳು ಅಂತ ಮಕ್ಕಳಿಗೆ ಮುಂದಿನ ಓದು ಸಿಗುವುದು ಕಷ್ಟ ಅಂತ ಗೊತ್ತಾದ ದಿನ ಹೊರಡುವ ತೀರ್ಮಾನ ಮಾಡಿದರಂತೆ.

ದೋಣಿಗೆ ಬಂಗಾರ ಕೊಡಬೇಕಿತ್ತು. ಅಲ್ಲಿ ಬಂಗಾರದ ಅಳತೆ ‘ಲುಅಂಗ್’, ಒಂದಕ್ಕೆ ಮೂವತ್ತೇಳೂವರೆ ಗ್ರಾಂ. ತೆಳು ಹಾಳೆಯಂತೆ ಮಾಡಿದ ಚಿನ್ನ. ಅದನ್ನು ಬಟ್ಟೆಯ ಅಂಚಿನಲ್ಲಿ ಹೊಲಿದಿಟ್ಟಿದ್ದರು. ಹೊರಡುವ ಮೊದಲು ಒಂದೇ ಒಂದು ಸಲ ಶಿಬಿರಕ್ಕೆ ಹೋಗಿ ಗಂಡನನ್ನು ನೋಡಲು ಅನುಮತಿ ಸಿಕ್ಕಿತು. ಪಕ್ಕದಲ್ಲೇ ಕಾವಲಿನವನು ನಿಂತಿದ್ದ. ಬಾ ಹೇಳಿದ್ದು ಇಷ್ಟು: “ಮಕ್ಕಳನ್ನು ಕರೆದುಕೊಂಡು ನನ್ನ ಅಜ್ಜಿ ಮನೆಗೆ ಹೋಗುತ್ತಿದ್ದೇನೆ.” ಅವರ ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಗಂಡ ಅರ್ಥ ಮಾಡಿಕೊಂಡು, ಮಳೆಗಾಲಕ್ಕೆ ಮುಂಚೆ ಹೋಗಿ ಬಾ ಅಂದರಂತೆ. ಈ ಮಾತನ್ನು ಅವರ ಗಂಡನ ತಿಥಿಯಲ್ಲಿ ಪ್ರತಿ ವರ್ಷ ಹೇಳುತ್ತಾರೆ. ಪ್ರತಿ ವರ್ಷ ಯಾರಾದರೂ ಒಬ್ಬರು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ.

1979ರಲ್ಲಿ ರಾಚ್ ಜಿಯಾ ಬಂದರಿನ ಕಡೆಯಿಂದ ರಾತ್ರಿ ಹೊರಟರು. ಬಾಗೆ ಮೂವತ್ತೆಂಟು ವರ್ಷ, ಹಿರಿ ಮಗಳಿಗೆ ಹದಿನಾಲ್ಕು. ನದಿಯಲ್ಲಿ ಓಡಾಡುವ ದೋಣಿ, ಸಮುದ್ರದ್ದಲ್ಲ. ಕಡಲ್ಗಳ್ಳರು ಎರಡು ಸಲ ಹತ್ತಿದರು. ಅದರ ಬಗ್ಗೆ ಆ ಮನೆಯಲ್ಲಿ ಇಷ್ಟಕ್ಕಿಂತ ಮುಂದೆ ಮಾತಾಡುವುದಿಲ್ಲ, ನಾನೂ ಕೇಳಿಲ್ಲ. ಮಲೇಷ್ಯಾದ ಪುಲಾವ್ ಬಿಡೊಂಗ್ ಅನ್ನುವ ದ್ವೀಪ ಸೇರಿದರು. ಹೆಚ್ಚು ಕಡಿಮೆ ಒಂದು ಚದರ ಕಿಲೋಮೀಟರ್ ದ್ವೀಪ ಅದು. 4,500 ಜನ ಇರಬಹುದು ಅಂತ ತೆರೆದ ಶಿಬಿರದಲ್ಲಿ ಆ ವರ್ಷದ ಜೂನ್ ಹೊತ್ತಿಗೆ ಸುಮಾರು 40,000 ಜನ. ಒಡೆದ ದೋಣಿಗಳ ಹಲಗೆ, ಪ್ಲಾಸ್ಟಿಕ್ ಹಾಳೆಗಳಲ್ಲಿ ಮನೆ. ನೀರಿಗೆ ಸಾಲು, ಅಕ್ಕಿಗೆ ಸಾಲು. 1975ರಿಂದ 1995ರವರೆಗೆ ಹೀಗೆ ದೋಣಿಯಲ್ಲಿ ಹೊರಟು ಬೇರೆ ದೇಶದ ದಡ ಮುಟ್ಟಿದವರು ಸುಮಾರು 8 ಲಕ್ಷ. ಮುಟ್ಟದವರನ್ನು ಎಣಿಸಿದವರಿಲ್ಲ. ಬಾ ಮತ್ತು ಮಕ್ಕಳು ಹತ್ತು ತಿಂಗಳು ಅಲ್ಲಿದ್ದು, 1980ರ ಚಳಿಗಾಲದಲ್ಲಿ ಒಂದು ಚರ್ಚಿನವರ ನೆರವಿನಿಂದ ಸ್ಯಾನ್ ಹೋಸೆಗೆ ಬಂದರು. ಕಾಲಲ್ಲಿ ರಬ್ಬರ್ ಚಪ್ಪಲಿ.

ಗಂಡ ಬಂದದ್ದು 1991ರಲ್ಲಿ. ಶಿಬಿರಗಳಲ್ಲಿ ಮೂರು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಒಪ್ಪಂದ 1989ರಲ್ಲಿ ಆಗಿತ್ತು, ಅದರಡಿ ಬಂದರು. ಹದಿನಾರು ವರ್ಷ ಬೇರೆ ಬೇರೆ ಇದ್ದ ಗಂಡ ಹೆಂಡತಿ. ಮಗಳು ಹೇಳಿದ್ದು: ಮೊದಲ ವರ್ಷ ಇಬ್ಬರೂ ಒಬ್ಬರಿಗೊಬ್ಬರು ನೆಂಟರ ಹಾಗೆ ಮರ್ಯಾದೆಯಿಂದ ಮಾತಾಡುತ್ತಿದ್ದರು. ಆಮೇಲೆ ಒಂದು ದಿನ ಮೀನು ಉಪ್ಪಾಗಿದೆ ಅಂತ ಅಪ್ಪ ಗೊಣಗಿದರು, ಅಮ್ಮ ತಿರುಗಿ ಬೈದರು, ಅವತ್ತು ನಮಗೆ ಸಮಾಧಾನ ಆಯಿತು.

ಬಾ ಇಲ್ಲಿ ಮೊದಲು ಮಾಡಿದ್ದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಸಂಜೆ ಮನೆಗೂ ಒಂದಷ್ಟು ಬೋರ್ಡು ತರುತ್ತಿದ್ದರು, ಒಂದಕ್ಕೆ ಇಷ್ಟು ಅಂತ ಲೆಕ್ಕ. ಅಡುಗೆಮನೆ ಮೇಜಿನ ಮೇಲೆ ಮಕ್ಕಳ ಹೋಂವರ್ಕ್ ಒಂದು ಕಡೆ, ಬೆಸುಗೆಯ ಹೊಗೆ ಒಂದು ಕಡೆ. ಸಿಲಿಕಾನ್ ವ್ಯಾಲಿ ಅಂದಾಗ ನಾವು ಎಂಜಿನಿಯರುಗಳ ಬಗ್ಗೆಯೇ ಮಾತಾಡುತ್ತೇವೆ. ನಾವು ಬರುವುದಕ್ಕೆ ಎಷ್ಟೋ ವರ್ಷ ಮೊದಲು ಇಲ್ಲಿನ ಯಂತ್ರಗಳನ್ನು ಕೈಯಾರೆ ಜೋಡಿಸಿದವರಲ್ಲಿ ಹೀಗೆ ದೋಣಿಯಲ್ಲಿ ಬಂದ ಹೆಂಗಸರು ತುಂಬಾ ಜನ ಇದ್ದರು. ಇದನ್ನು ನಮ್ಮವರು ತಿಳಿದಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಆ ಕೆಲಸ ಹೊರದೇಶಗಳಿಗೆ ಹೋದ ಮೇಲೆ ಬಾ ನೆಂಟರ ಉಗುರು ಬಣ್ಣದ ಅಂಗಡಿ ಸೇರಿದರು. ಅಮೆರಿಕದ ಈ ಅಂಗಡಿಗಳಲ್ಲಿ ಯಾಕೆ ಇಷ್ಟೊಂದು ವಿಯೆಟ್ನಾಂ ಹೆಂಗಸರು ಅಂತ ನನಗೂ ಗೊತ್ತಿರಲಿಲ್ಲ. 1975ರಲ್ಲಿ ಸ್ಯಾಕ್ರಮೆಂಟೊ ಹತ್ತಿರದ ಒಂದು ನಿರಾಶ್ರಿತರ ಶಿಬಿರಕ್ಕೆ ಹಾಲಿವುಡ್ ನಟಿ ಟಿಪ್ಪಿ ಹೆಡ್ರನ್ ಹೋಗುತ್ತಿದ್ದರು. ಅಲ್ಲಿನ ಹೆಂಗಸರು ಅವರ ಉಗುರು ನೋಡಿ ಮೆಚ್ಚಿಕೊಂಡರು. ಅವರು ತಮ್ಮ ಉಗುರು ಅಲಂಕಾರ ಮಾಡುವಾಕೆಯನ್ನೇ ಕರೆತಂದು ಇಪ್ಪತ್ತು ಜನರಿಗೆ ಕೆಲಸ ಕಲಿಸಿದರು. ಒಬ್ಬರಿಂದ ಒಬ್ಬರಿಗೆ ಹಬ್ಬಿ ಇವತ್ತು ಕ್ಯಾಲಿಫೋರ್ನಿಯಾದಲ್ಲಿ ಈ ಕಸುಬಿನವರಲ್ಲಿ ಬಹುಪಾಲು ಅವರೇ.

ದುಡ್ಡಿನ ವಿಷಯಕ್ಕೆ ಬಂದರೆ ಬಾ ನನಗೆ ನಮ್ಮೂರಿನ ಹೆಂಗಸರನ್ನೇ ನೆನಪಿಸುತ್ತಿದ್ದರು. ಅವರಲ್ಲಿ ‘ಹೂಯ್’ ಅಂತ ಇದೆ. ನಮ್ಮ ಚೀಟಿಯೇ. ಹತ್ತಿಪ್ಪತ್ತು ಜನ ಸೇರಿ ತಿಂಗಳು ತಿಂಗಳು ದುಡ್ಡು ಹಾಕುವುದು, ತುರ್ತು ಇರುವವರು ಕಡಿಮೆಗೆ ಕೂಗಿ ಎತ್ತಿಕೊಳ್ಳುವುದು. ಬ್ಯಾಂಕು ಸಾಲ ಕೊಡದ ಜನ ಮನೆ, ಅಂಗಡಿ ಮಾಡಿಕೊಂಡದ್ದು ಇದರಿಂದಲೇ. ಬಾ ಹೂಯ್ ನಡೆಸುತ್ತಿದ್ದರು. ಒಂದು ಸಲ ಒಬ್ಬರು ಎತ್ತಿಕೊಂಡು ಊರು ಬಿಟ್ಟರು. ನಮ್ಮಲ್ಲೂ ಚೀಟಿ ದುಡ್ಡು ತೆಗೆದುಕೊಂಡು ಓಡಿಹೋದವರ ಕಥೆ ಇಲ್ಲದ ಬೀದಿ ಇಲ್ಲ. ಬಾ ಯಾರ ಮೇಲೂ ಕೂಗಾಡಲಿಲ್ಲ. ಮುಂದಿನ ಎರಡು ವರ್ಷ ಆ ಪಾಲನ್ನು ತಾವೇ ಕಟ್ಟಿದರು, ಉಳಿದವರಿಗೆ ಒಂದು ಡಾಲರ್ ಕಡಿಮೆಯಾಗದ ಹಾಗೆ. ಉಪ್ಪು ಬಿಸ್ಕತ್ತಿನ ಮಧ್ಯಾಹ್ನಗಳು ಆಗಿನವು. ಸಂಸಾರ ನಡೆಸುವ ಹೆಂಡತಿಯನ್ನು ಅವರ ಭಾಷೆಯಲ್ಲಿ ‘ಮನೆಯೊಳಗಿನ ಸೇನಾಪತಿ’ ಅನ್ನುತ್ತಾರೆ. ನಾವು ಗೃಹಲಕ್ಷ್ಮಿ ಅನ್ನುತ್ತೇವೆ. ನನಗೆ ಅವರ ಪದವೇ ಇಷ್ಟ. ಲಕ್ಷ್ಮಿಯನ್ನು ಕೂರಿಸಿ ಪೂಜೆ ಮಾಡಬಹುದು, ಸೇನಾಪತಿಯ ಮಾತನ್ನು ಕೇಳಲೇಬೇಕು.

ಬಾ ಮನೆ ಹಿತ್ತಲು ನೋಡಬೇಕಿತ್ತು ನೀವು. ನಾಲ್ಕು ವರ್ಷದ ಹಿಂದೆ ನನ್ನ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಬಂದ ಹದಿನೈದು ದಿನಕ್ಕೆ ಬೇಜಾರು ಶುರು. ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಂದು ಮಧ್ಯಾಹ್ನ ಬೇಲಿ ಮೇಲೆ ಇಣುಕಿ ನೋಡಿದರೆ ಆ ಕಡೆ ಬಸಳೆ ಚಪ್ಪರ! ಅಮ್ಮ ಅಲ್ಲಿಂದಲೇ ಕೂಗಿದರು, ಅಪ್ಪಟ ಕನ್ನಡದಲ್ಲಿ: “ಅಯ್ಯೋ, ಇದು ಬಸಳೆ ಅಲ್ವೇನ್ರೀ?” ಬಾ ತಮ್ಮ ಭಾಷೆಯಲ್ಲಿ ಏನೋ ಉತ್ತರ ಕೊಟ್ಟು ಒಂದು ಕಟ್ಟು ಕುಯ್ದು ಕೊಟ್ಟರು. ಅವರಲ್ಲಿ ಅದಕ್ಕೆ ಮೊಂಗ್ ತೊಯ್ ಅಂತ ಹೆಸರು, ನಮ್ಮ ಕರಾವಳಿಯವರ ಹಾಗೆ ಸಿಗಡಿ ಹಾಕಿ ಮಾಡುತ್ತಾರೆ. ಮರುದಿನ ಒಂದೆಲಗ ಸಿಕ್ಕಿತು. ನಾವು ತಂಬುಳಿ ಮಾಡುವುದನ್ನು ಅವರು ಸಕ್ಕರೆ ಹಾಕಿ ಅರೆದು ಕುಡಿಯುತ್ತಾರೆ. ಆಮೇಲೆ ಅಮ್ಮ ಇದ್ದಷ್ಟು ದಿನವೂ ಇಬ್ಬರನ್ನೂ ಹಿಡಿಯುವವರಿರಲಿಲ್ಲ. ಒಬ್ಬರಿಗೆ ಕನ್ನಡ, ಒಬ್ಬರಿಗೆ ವಿಯೆಟ್ನಾಮೀಸ್, ಇಬ್ಬರಿಗೂ ಇಂಗ್ಲಿಷ್ ಬಾರದು. ಒಂದು ದಿನ ಸ್ಟೋರಿ ರೋಡಿನ ಅಂಗಡಿಯಿಂದ ವೀಳ್ಯದೆಲೆ, ಹಸಿ ಅಡಿಕೆ ತಂದು ಕೂತಿದ್ದರು. ಅಲ್ಲಿನ ಮದುವೆಗಳಿಗೂ ಎಲೆ ಅಡಿಕೆ ಬೇಕೇ ಬೇಕು, ಮಾತು ಶುರುವಾಗುವುದೇ ಎಲೆ ಅಡಿಕೆಯಿಂದ ಅಂತ ಅವರಲ್ಲಿ ಗಾದೆ ಇದೆ. ಬಾಗೆ ಹಾಕುವ ಅಭ್ಯಾಸ ಇರಲಿಲ್ಲ, ಆದರೆ ಅವರ ತಾಯಿಗೆ ಇತ್ತಂತೆ. ಸುಣ್ಣ ಎಷ್ಟು ಸವರಬೇಕು ಅಂತ ಬೆರಳಲ್ಲೇ ತೋರಿಸಿಕೊಟ್ಟರು. ನಮ್ಮಮ್ಮ ವಾಪಸ್ ಹೋಗುವ ದಿನ ಇಬ್ಬರೂ ಅತ್ತರು.

ಚಂದ್ರನ ಹೊಸ ವರ್ಷಕ್ಕೆ, ಅಂದರೆ ತೆತ್ ಹಬ್ಬಕ್ಕೆ, ಬಾ ತಪ್ಪದೆ ಹಾಗಲಕಾಯಿ ಸಾರು ಕಳಿಸುತ್ತಿದ್ದರು. ದಕ್ಷಿಣದವರು ಹಾಗಲಕಾಯಿಗೆ ‘ಖೋ ಕ್ವಾ’ ಅನ್ನುತ್ತಾರೆ, ಅದೇ ಮಾತನ್ನು ಬೇರೆ ಥರ ಕೇಳಿದರೆ ‘ಕಷ್ಟ ಕಳೆಯಲಿ’ ಅಂತಲೂ ಆಗುತ್ತದೆ. ನಾನು ಯುಗಾದಿಗೆ ಬೇವು ಬೆಲ್ಲ ಕೊಡುತ್ತಿದ್ದೆ. ಹಬ್ಬದ ದಿನ ಕಹಿ ಯಾಕೆ ಅಂತ ಬಾಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಇಷ್ಟೆಲ್ಲ ಕೇಳಿದ ನಮ್ಮ ಗೆಳೆಯರು ಬಾ ಹೋದಾಗ ಒಂದೇ ಮಾತು ಹೇಳಿದರು: ಎಂಥ ಗಟ್ಟಿಗಿತ್ತಿ! ನಾನೂ ಹಾಗೇ ಅಂದೆ. ಈಗ ಆ ಮಾತು ನನಗೆ ಅಷ್ಟು ಸರಿ ಅನಿಸುವುದಿಲ್ಲ. ಬಾ ಸಮುದ್ರ ನೋಡಲು ಹೋಗುತ್ತಿರಲಿಲ್ಲ. ಸಾಂಟಾ ಕ್ರೂಜ್ ಬೀಚ್ ನಮ್ಮಿಂದ ಒಂದು ಗಂಟೆ ದಾರಿ, ಮೊಮ್ಮಕ್ಕಳೆಲ್ಲ ಕುಣಿಯುತ್ತಾ ಹೋದರೆ ಬಾ ಕಾರಿನಲ್ಲೇ, ನೀರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ನಲವತ್ತು ವರ್ಷ ಹಾಗೇ. ಮಂಚದ ಕೆಳಗೆ ಯಾವತ್ತೂ ಒಂದು ಮೂಟೆ ಅಕ್ಕಿ, ನಾಲ್ಕು ಕ್ಯಾನ್ ನೀರು ಇರಬೇಕಿತ್ತು. ಮಲಗುವ ಕೋಣೆ ಇದ್ದರೂ ಬಾಗಿಲ ಹತ್ತಿರದ ಸೋಫಾದ ಮೇಲೆ ಮಲಗುತ್ತಿದ್ದರು. ಗಟ್ಟಿಗಿತ್ತಿ ಅಂತ ನಾವು ಹೇಳಿ ಕೈ ಮುಗಿದುಬಿಟ್ಟರೆ ಈ ಸೋಫಾದ ಬಗ್ಗೆ ಯಾರು ಕೇಳುತ್ತಾರೆ? ಆ ಪದ ಹೊಗಳಿಕೆಯೇ, ಆದರೆ ಹೊಗಳಿ ಅಲ್ಲಿಗೇ ಮಾತು ಮುಗಿಸುತ್ತದೆ. ಬಾ ಮಗಳು ತಿಥಿಯಲ್ಲಿ ಹೇಳಿದ್ದು ಈ ಕಾರಿನ ಸಂಗತಿಯನ್ನೇ. ಹೊಗಳಲಿಲ್ಲ. ಅಮ್ಮ ಹೆದರಿಕೊಂಡೇ ಬದುಕಿದರು, ಹೆದರಿಕೊಂಡೇ ನಮ್ಮನ್ನು ಬೆಳೆಸಿದರು ಅಂದರು.

ಮೊಮ್ಮಗಳು ಒಮ್ಮೆ ಹೇಳಿದ್ದಳು, ಅವರ ಭಾಷೆಯಲ್ಲಿ ನೀರಿಗೂ ದೇಶಕ್ಕೂ ಒಂದೇ ಪದ: ‘ನೂಅಕ್’. ಅದನ್ನು ಕೇಳಿದಾಗ ನನಗೆ ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ನೆನಪಾಗಬೇಕಿತ್ತು. ಆಗಲಿಲ್ಲ. ತಿಥಿ ದಿನ ಆಯಿತು.

ನನ್ನ ಅಜ್ಜಿ ಶರಾವತಿ ಮುಳುಗಡೆಯವರು. ಸಾಗರ ತಾಲೂಕಿನಲ್ಲಿ ಹೊಳೆಯ ಹತ್ತಿರದ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಊರುಗಳು ನೀರಿನಡಿ ಹೋದವು. ಆ ನೀರಿನಿಂದ ಆದ ಕರೆಂಟು ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿತು. ಮನೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳಲ್ಲಿ ಎಷ್ಟೋ ಜನ ತಾವು ಕೂತ ಭೂಮಿಯ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಸಿಗಂದೂರು ಕಡೆಯವರಿಗೆ ಸೇತುವೆ ಆದದ್ದು 2025ರಲ್ಲಿ. ಇದೆಲ್ಲ ನನಗೆ ಪೇಪರ್ ಓದಿ ಗೊತ್ತು. ನನ್ನ ಅಜ್ಜಿ ಯಾವ ಲಾರಿಯಲ್ಲಿ ಬಂದರು, ಏನು ಹೊತ್ತುಕೊಂಡು ಬಂದರು, ಯಾರ ಕೈ ಹಿಡಿದುಕೊಂಡಿದ್ದರು, ಅದು ಗೊತ್ತಿಲ್ಲ. ಬಿಡೊಂಗ್ ದ್ವೀಪದಲ್ಲಿ ಎಷ್ಟು ಜನ ಇದ್ದರು ಅಂತ ಹೇಳಬಲ್ಲೆ. ನನ್ನ ಸ್ವಂತ ಅಜ್ಜಿಯ ಊರಲ್ಲಿ ಎಷ್ಟು ಮನೆ ಇತ್ತು ಅಂತ ಹೇಳಲಾರೆ. ಅಜ್ಜಿ ಹೋದದ್ದು 1996ರಲ್ಲಿ, ನನಗೆ ಹದಿಮೂರು. ಅವರ ಪಕ್ಕ ಮಲಗಿ ಬೆಳೆದವನು ನಾನು.

ನಾವು ಹೊರನಾಡಿನವರು ಕೂತಾಗ ನಮ್ಮ ಕಷ್ಟ ಹೇಳಿಕೊಳ್ಳುತ್ತೇವೆ. ಗ್ರೀನ್ ಕಾರ್ಡ್, ಮಕ್ಕಳ ಕನ್ನಡ, ಅಪ್ಪ ಅಮ್ಮನ ಆರೋಗ್ಯ. ನಿಜವಾದ ಕಷ್ಟಗಳೇ. ಆದರೆ ನಾನು ಕಂಪನಿ ಕೊಟ್ಟ ವೀಸಾದಲ್ಲಿ ವಿಮಾನ ಹತ್ತಿ ಬಂದವನು. ಬೇಡ ಅನಿಸಿದರೆ ಹೋಗಲು ಊರಿದೆ. ನನ್ನನ್ನು ಬಾ ಜೊತೆ ಹೋಲಿಸಿಕೊಳ್ಳುವುದು ತಪ್ಪು. ಬಾ ಪಕ್ಕ ನಿಲ್ಲಬೇಕಾದವರು ನನ್ನ ಅಜ್ಜಿ. ಇಬ್ಬರಿಗೂ ವಾಪಸ್ ಹೋಗಲು ಊರು ಇರಲಿಲ್ಲ. ಇಬ್ಬರ ವ್ಯತ್ಯಾಸ ಅವರಲ್ಲಿಲ್ಲ, ನಮ್ಮಲ್ಲಿದೆ. ಅವರ ಮನೆಯವರು ವರ್ಷಕ್ಕೊಂದು ದಿನ ಇಟ್ಟುಕೊಂಡು ಕೇಳಿದರು, ಹೇಳಿದರು. ನಾವು ಕೇಳಲಿಲ್ಲ. ಊರಲ್ಲಿ ಮಾವ ದೀಪಾವಳಿಗೆ ಎಲ್ಲ ಹಿರಿಯರಿಗೂ ಸೇರಿಸಿ ಒಂದೇ ಎಡೆ ಇಡುತ್ತಾರೆ. ಕಡುಬು, ಕೋಳಿ ಸಾರು. ಮಾವ ಭಕ್ತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಅಜ್ಜನಿಗೆ ಅಂತ ಬೀಡಿಯನ್ನೂ ಇಡುತ್ತಾರೆ. ಅಜ್ಜಿಗೆ ಅಂತ ಏನೂ ಇಲ್ಲ, ಒಂದು ರವಿಕೆ ಕಣ ಬಿಟ್ಟರೆ. ಮಂತ್ರ ಹೇಳಿಸಿ ಶ್ರಾದ್ಧ ಮಾಡುವ ನನ್ನ ಸ್ನೇಹಿತರ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಹೆಸರನ್ನೂ ಹೇಳುತ್ತಾರೆ. ಆ ಮುತ್ತಜ್ಜಿಗೆ ಹಾಡು ಬರುತ್ತಿತ್ತಾ, ಕೋಪ ಜಾಸ್ತಿಯಾ, ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ.

ಅವರದ್ದೆಲ್ಲ ಚಂದ, ನಮ್ಮದೆಲ್ಲ ಹಾಳು ಅಂತ ನಾನು ಹೇಳುತ್ತಿಲ್ಲ. ಅವರಲ್ಲೂ ತಿಥಿಯ ಹೊಣೆ ಹಿಂದಿನಿಂದ ಹಿರಿ ಮಗನದ್ದೇ. ಅಮ್ಮನ ಅಮ್ಮನನ್ನು ಅವರ ಮಾತಿನಲ್ಲಿ ‘ಹೊರಗಿನ ಅಜ್ಜಿ’ ಅನ್ನುತ್ತಾರೆ. ಈ ಮನೆಯಲ್ಲಿ ಹಿರಿ ಮಗಳು ಯಾರನ್ನೂ ಕೇಳದೆ ತಾನೇ ಮಾಡಿದಳು, ಹೊರಗಿನ ಅಜ್ಜಿಗೆ ಮಗಳ ಮಕ್ಕಳೆಲ್ಲ ಸೇರಿ ಅಡುಗೆ ಮಾಡಿದರು. ಬಾ ಮರಿಮಕ್ಕಳಿಗೆ ಭಾಷೆ ಅಷ್ಟಾಗಿ ಬರುವುದಿಲ್ಲ. ಆದರೆ ಉಪ್ಪು ಬಿಸ್ಕತ್ತು ಯಾಕೆ ಅಂತ ಆರು ವರ್ಷದ ಹುಡುಗನಿಗೂ ಗೊತ್ತು. ನಮ್ಮ ಮಕ್ಕಳಿಗೆ ಅಜ್ಜಿಯರ ಬಗ್ಗೆ ಇಷ್ಟು ಗೊತ್ತಿದೆಯಾ?

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಬೆಳಗ್ಗೆ. “ಅಮ್ಮ, ಅಜ್ಜಿಗೆ ತಿನ್ನೋಕೆ ಏನಿಷ್ಟ ಇತ್ತು?”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಗೊತ್ತಿಲ್ಲ ಕಣೋ. ಅವ್ವ ಎಲ್ಲರದ್ದೂ ಆದಮೇಲೆ ಉಣ್ತಿದ್ದಳು. ಏನುಳಿದಿದೆಯೋ ಅದು.”

ಲಾರಿಯ ಬಗ್ಗೆ ಕೇಳಿದೆ. ಅದು ನೆನಪಿತ್ತು, ಆಗ ಅಮ್ಮನಿಗೆ ಏಳೆಂಟು ವರ್ಷ. ಅಜ್ಜಿ ಪಾತ್ರೆಗಿಂತ ಮೊದಲು ಲಾರಿಗೆ ಹಾಕಿದ್ದು ಒಂದು ಚೀಲ ಹಣ್ಣಡಿಕೆ, ಬಿತ್ತನೆಗೆ ಅಂತ. ಮನೆಯ ಒಳಕಲ್ಲನ್ನು ಕೀಳಲು ನೋಡಿದರು, ಬರಲಿಲ್ಲ. ಲಾರಿ ಹೊರಟ ಮೇಲೂ ಒಳಕಲ್ಲಿನ ವಿಷಯವನ್ನೇ ಮಾತಾಡುತ್ತಿದ್ದರಂತೆ. ಹೊಸ ಜಾಗದಲ್ಲಿ ಅಡಿಕೆ ಹಾಕಿದರು. ಸಸಿ ಎದ್ದವು, ಎರಡನೇ ಬೇಸಿಗೆಗೆ ಒಣಗಿದವು. ಮನೆ ಮುಳುಗಿಸುವಷ್ಟು ನೀರು ಅಲ್ಲಿ, ಸಸಿಗೆ ಹಾಕಲು ನೀರಿಲ್ಲ ಇಲ್ಲಿ ಅಂತ ಅಜ್ಜಿ ಹೇಳುತ್ತಿದ್ದರಂತೆ. ಅಮ್ಮ ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಯಾಕಮ್ಮ ಅಂದೆ. “ನೀನು ಕೇಳಿರಲಿಲ್ಲವಲ್ಲ” ಅಂದರು.

ಮರುದಿನ ಬೆಳಗ್ಗೆ ಎದ್ದಾಗ ಅಮ್ಮನ ವಾಟ್ಸ್ಆ್ಯಪ್ ಮೆಸೇಜು, ಅವರ ಧ್ವನಿಯಲ್ಲೇ. “ಮಗಾ, ನೆನಪಾಯ್ತು ನೋಡು. ಸುಟ್ಟ ಹಲಸಿನ ಬೀಜ. ಮಳೆಗಾಲದಲ್ಲಿ ಸಂಜೆ ಒಲೆ ಬೂದಿಯಲ್ಲಿ ಹುದುಗಿಸಿ ಇಡ್ತಿದ್ದಳು. ಅದೊಂದನ್ನ ಮಾತ್ರ ನಮಗೆಲ್ಲ ಹಂಚೋಕೆ ಮುಂಚೆ ತಾನು ನಾಲ್ಕು ತಿಂತಿದ್ದಳು. ಮತ್ತೆ ಅವಳು ಹೋಗಿದ್ದು ನಾಗರ ಪಂಚಮಿ ಆಗಿ ಮೂರನೇ ದಿನಕ್ಕೆ. ಬರ್ಕೋ.”

ಬರೆದುಕೊಂಡಿದ್ದೇನೆ. ಶ್ರಾವಣ ಶುದ್ಧ ಅಷ್ಟಮಿ. ಸ್ಟೋರಿ ರೋಡಿನ ಅಂಗಡಿಯಲ್ಲಿ ಮೆಕ್ಸಿಕೋದಿಂದ ಬರುವ ಹಲಸಿನ ಹಣ್ಣು ಸಿಗುತ್ತದೆ, ಬೀಜಕ್ಕೆ ತೊಂದರೆ ಇಲ್ಲ. ಬಾ ಮಗಳಿಗೆ ಹೇಳಿದೆ. ಅವರಲ್ಲಿ ಬೀಜವನ್ನು ಬೇಯಿಸಿ ತಿನ್ನುತ್ತಾರಂತೆ, ಬೂದಿಯಲ್ಲಿ ಸುಡುವುದು ಹೇಗೆ ಅಂತ ಕೇಳಿದರು. ಇಲ್ಲಿ ಒಲೆ ಇಲ್ಲ. ಹಿತ್ತಲಲ್ಲಿ ಇದ್ದಿಲು ಹಾಕಿ ಬೂದಿ ಮಾಡಿಕೊಳ್ಳೋಣ, ಬಾ ಅವರ ಹಳೆ ಮಣ್ಣಿನ ಒಲೆ ಶೆಡ್ಡಿನಲ್ಲಿದೆ, ಅದನ್ನು ತೆಗೆದು ಇಟ್ಟಿರುತ್ತೇನೆ ಅಂದರು.